ಒಲಿಂಪಿಯಾಟೊಪ್ಪೆನ್: ಸಲ್ಲಬೇಕಾದ ಕಡೆ ಸಲ್ಲದ ಕೀರ್ತಿ

ಒಲಿಂಪಿಯಾಟೊಪ್ಪೆನ್ ನಾರ್ವೆಯ ಉನ್ನತ ಮಟ್ಟದ ಕ್ರೀಡೆಯ ಹೊಣೆ ಹೊತ್ತ ಸಂಸ್ಥೆ. ದೇಶದ ಕ್ರೀಡಾ ಒಕ್ಕೂಟದ ಅಂಗವಾದ ಇದರ ಮುಖ್ಯ ಕೇಂದ್ರ ಓಸ್ಲೊ ನಗರದ ಸೊಂಗ್ಸ್‌ವಾನ್‌ನಲ್ಲಿ, ಕ್ರೀಡಾವಿಜ್ಞಾನದ ಉನ್ನತ ವಿದ್ಯಾಲಯದ ಮಗ್ಗುಲಲ್ಲೇ ಇದೆ. ಸ್ಕೀಯಿಂಗ್, ಬಯಾಥ್ಲಾನ್, ಸ್ಕೇಟಿಂಗ್ ಮುಂತಾದ ಆಟಗಳ ರಾಷ್ಟ್ರೀಯ ತಂಡಗಳನ್ನು ದಿನನಿತ್ಯ ನಡೆಸುವುದು ಆಯಾ ಫೆಡರೇಷನ್‌ಗಳು. ಅವುಗಳ ಕೆಲಸವನ್ನು ಪರಿಶೀಲಿಸುವುದು, ತಜ್ಞರನ್ನು ಒದಗಿಸುವುದು, ಆಟಗಾರರಿಗೆ ಧನಸಹಾಯ ಹಂಚುವುದು, ಒಲಿಂಪಿಕ್ ತಂಡದ ಆಯ್ಕೆಗೆ ಕೊನೆಯ ಒಪ್ಪಿಗೆ ಕೊಡುವುದು ಒಲಿಂಪಿಯಾಟೊಪ್ಪೆನ್. ಬೇಸಿಗೆ ಆಟಗಳೂ ಇದರ ವ್ಯಾಪ್ತಿಯಲ್ಲಿದ್ದರೂ ಹೆಸರು ಬಂದದ್ದು ಹಿಮದ ಮೇಲಿನ ಗೆಲುವುಗಳಿಂದ. 1990ರ ದಶಕದುದ್ದಕ್ಕೂ, 2004ರವರೆಗೆ ಬ್ಯೋರ್ಗೆ ಸ್ಟೆನ್ಸ್‌ಬೋಲ್ ಇದರ ಮುಖ್ಯಸ್ಥರಾಗಿದ್ದರು. ಅವರ ನಂತರ ಯಾರ್ಲೆ ಓಂಬೊ, 2013ರಿಂದ ತೂರೆ ಎವ್ರೆಬೊ ಆ ಹೊಣೆ ಹೊತ್ತರು.

ಬೆಂಗಳೂರು ನಗರಕ್ಕಿಂತ ಕಡಿಮೆ ಜನಸಂಖ್ಯೆಯ ಈ ದೇಶ 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದಿತು. 2022ರ ಬೀಜಿಂಗ್‌ನಲ್ಲಿ 37 ಪದಕ ಬಂದವು. ಅವುಗಳಲ್ಲಿ 16 ಚಿನ್ನದ್ದು. ಒಂದೇ ಚಳಿಗಾಲದ ಕೂಟದಲ್ಲಿ ಅಷ್ಟು ಚಿನ್ನ ಅದುವರೆಗೆ ಯಾವ ದೇಶಕ್ಕೂ ದಕ್ಕಿರಲಿಲ್ಲ. ಇದರ ಗುಟ್ಟನ್ನು ಹುಡುಕಿ ಹೋದ ಪತ್ರಕರ್ತರೂ ಕ್ರೀಡಾಡಳಿತಗಾರರೂ ಬಹುಪಾಲು ಒಂದೇ ಉತ್ತರದೊಂದಿಗೆ ಮರಳಿದ್ದಾರೆ: ಮಕ್ಕಳನ್ನು ಖುಷಿಯಾಗಿ ಆಡಲು ಬಿಡುವುದು. ನಾರ್ವೆಯ ಕ್ರೀಡಾ ಮಹಾಸಭೆ 1987ರಲ್ಲಿ ಮಕ್ಕಳ ಕ್ರೀಡೆಯ ನಿಯಮಗಳನ್ನು ಅಂಗೀಕರಿಸಿತು. ಅವುಗಳ ಇಂದಿನ ರೂಪದಲ್ಲಿ, ಮಕ್ಕಳು 11ನೇ ವಯಸ್ಸಿಗೆ ಬರುವ ಮುನ್ನ ಫಲಿತಾಂಶ ಪಟ್ಟಿ, ರ‍್ಯಾಂಕಿಂಗ್ ಇಲ್ಲ. 13ಕ್ಕೆ ಮುನ್ನ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಒಲಿಂಪಿಯಾಟೊಪ್ಪೆನ್‌ನ ನಾಯಕರೂ ಹೊರದೇಶದವರ ಮುಂದೆ ಈ ವಿವರಣೆಯನ್ನೇ ಮುಂದಿಟ್ಟಿದ್ದಾರೆ.

ನಿಯಮಗಳು ಒಳ್ಳೆಯವು. ಪದಕಗಳಿಗೆ ಅವೇ ಕಾರಣವೆಂಬ ಮಾತು ಮಾತ್ರ ಇಸವಿಗಳ ಮುಂದೆ ನಿಲ್ಲುವುದಿಲ್ಲ. 1984ರ ಸರಯೇವೊ ಒಲಿಂಪಿಕ್ಸ್‌ನಲ್ಲಿ ನಾರ್ವೆಗೆ 3 ಚಿನ್ನ ಸಹಿತ 9 ಪದಕ ಸಿಕ್ಕಿದ್ದವು. 1988ರ ಕ್ಯಾಲ್ಗರಿಯಲ್ಲಿ ಸಿಕ್ಕಿದ್ದು 5, ಚಿನ್ನ ಒಂದೂ ಇಲ್ಲ. ನೆರೆಯ ಸ್ವೀಡನ್, ಫಿನ್ಲೆಂಡ್‌ಗಳು ಅಲ್ಲಿ ತಲಾ 4 ಚಿನ್ನ ಗೆದ್ದವು. ಒಲಿಂಪಿಯಾಟೊಪ್ಪೆನ್ ರೂಪುಗೊಂಡದ್ದು ಆ ಸೋಲಿನ ಬೆನ್ನಿಗೇ. ನಾಲ್ಕೇ ವರ್ಷದಲ್ಲಿ, 1992ರ ಆಲ್ಬರ್ಟ್‌ವಿಲ್‌ನಲ್ಲಿ, ಲೆಕ್ಕ 9 ಚಿನ್ನ, ಒಟ್ಟು 20 ಪದಕಕ್ಕೆ ಏರಿತು. 1994ರ ಲಿಲ್ಲೆಹಾಮ್ಮರ್‌ನಲ್ಲಿ 10 ಚಿನ್ನ, ಒಟ್ಟು 26. ಗೆದ್ದವರಾದರೂ ಯಾರು? ಸ್ಕೀಯರ್‌ಗಳಲ್ಲಿ ವೆಗಾರ್ಡ್ ಉಲ್ವಾಂಗ್ ಹುಟ್ಟಿದ್ದು 1963ರಲ್ಲಿ, ಬ್ಯೋರ್ನ್ ಡೇಲಿ 1967ರಲ್ಲಿ, ಲಿಲ್ಲೆಹಾಮ್ಮರ್‌ನಲ್ಲಿ ವಿಶ್ವದಾಖಲೆಯೊಂದಿಗೆ 3 ಚಿನ್ನ ಗೆದ್ದ ಸ್ಕೇಟರ್ ಯೊಹಾನ್ ಒಲಾವ್ ಕೊಸ್ 1968ರಲ್ಲಿ. 1987ರಲ್ಲಿ ಇವರಾರೂ ಮಕ್ಕಳಾಗಿರಲಿಲ್ಲ. ಉಲ್ವಾಂಗ್ ಕ್ಯಾಲ್ಗರಿಯಲ್ಲಿ ಕಂಚಿಗೆ ತೃಪ್ತಿಪಟ್ಟವರು, ಆಲ್ಬರ್ಟ್‌ವಿಲ್‌ನಲ್ಲಿ 3 ಚಿನ್ನ ಗೆದ್ದರು. ಅವರ ಬಾಲ್ಯ ಈ ನಡುವೆ ಬದಲಾಗಿರಲು ಸಾಧ್ಯವಿಲ್ಲ. ಬದಲಾದದ್ದು ವಯಸ್ಕ ಆಟಗಾರರನ್ನೂ ಅವರ ಕೋಚ್‌ಗಳನ್ನೂ ಸುತ್ತುವರಿದ ವ್ಯವಸ್ಥೆ.

ಈ ಜಿಗಿತಕ್ಕೆ ಬೇರೆ ಕಾರಣಗಳೂ ಸೇರಿಕೊಂಡಿವೆ. ಲಿಲ್ಲೆಹಾಮ್ಮರ್‌ಗೆ ಆತಿಥ್ಯ ಸಿಕ್ಕಿದ್ದು 1988ರಲ್ಲೇ. ತವರಿನ ಕೂಟಕ್ಕಾಗಿ ಕ್ರೀಡೆಯತ್ತ ಹಣವೂ ಗಮನವೂ ಹರಿದವು. ಸ್ಪರ್ಧೆಗಳ ಸಂಖ್ಯೆ ಕ್ಯಾಲ್ಗರಿಯ 46ರಿಂದ ಆಲ್ಬರ್ಟ್‌ವಿಲ್‌ನಲ್ಲಿ 57ಕ್ಕೆ ಏರಿತು. ಸೋವಿಯತ್ ಒಕ್ಕೂಟವೂ ಪೂರ್ವ ಜರ್ಮನಿಯೂ ಇಲ್ಲವಾದವು. ಆದರೆ 1992ರಲ್ಲಿ ಏಕೀಕೃತ ಜರ್ಮನಿ 10 ಚಿನ್ನ, ಹಿಂದಿನ ಸೋವಿಯತ್ ಗಣರಾಜ್ಯಗಳ ಸಂಯುಕ್ತ ತಂಡ 9 ಚಿನ್ನ ಗೆದ್ದವು, ಅಂದರೆ ಎದುರಾಳಿಗಳು ಕಣ ಬಿಟ್ಟಿರಲಿಲ್ಲ. ಇವೆಲ್ಲ ಸೇರಿದರೂ ಸೊನ್ನೆಯಿಂದ ಒಂಬತ್ತಕ್ಕೆ ಏರಿದ ಚಿನ್ನದ ಲೆಕ್ಕ ಪೂರ್ತಿ ತಾಳೆಯಾಗುವುದಿಲ್ಲ. ಉಳಿದ ಪಾಲು ನಾಯಕತ್ವದ ಕೆಲಸಕ್ಕೆ ಸಲ್ಲಬೇಕು.

ಆ ಕೆಲಸವನ್ನು ಸರಿಯಾಗಿ ತೋರಿಸುವ ಸಾಧನ ತರಬೇತಿಯ ದಿನಚರಿ. ದಿನಚರಿ ಬರೆಯುವ ರೂಢಿ ಹಲವು ದೇಶಗಳಲ್ಲಿದೆ. ನಾರ್ವೆಯ ವಿಶೇಷವಿರುವುದು ಅದನ್ನು ಓದುವ ಏರ್ಪಾಟಿನಲ್ಲಿ. ಆಟಗಾರರು ಪ್ರತಿಯೊಂದು ಅಭ್ಯಾಸದ ಬಗೆ, ಅವಧಿ, ತೀವ್ರತೆಗಳನ್ನು ದಾಖಲಿಸುತ್ತಾರೆ. ತೀವ್ರತೆಯನ್ನು ಅಳೆಯಲು ಒಲಿಂಪಿಯಾಟೊಪ್ಪೆನ್ ಒಂದು ಮಾಪಕ ರೂಪಿಸಿದೆ. ಸಹನಶಕ್ತಿಯ ಅಭ್ಯಾಸಕ್ಕೆ ಅದರಲ್ಲಿ ಐದು ಹಂತಗಳಿವೆ. ಒಂದೊಂದು ಹಂತಕ್ಕೂ ಹೃದಯ ಬಡಿತದ ಮಿತಿ, ರಕ್ತದಲ್ಲಿನ ಲ್ಯಾಕ್ಟೇಟ್ ಪ್ರಮಾಣದ ಮಿತಿ ಗೊತ್ತುಮಾಡಲಾಗಿದೆ. ಮೊದಲ ಹಂತ ಮಾತಾಡುತ್ತಲೇ ಸಾಗಬಹುದಾದ ನಿಧಾನಗತಿ. ಐದನೆಯದು ಕೆಲವೇ ನಿಮಿಷ ತಾಳಬಹುದಾದ ಕಠಿಣ ವೇಗ.

ನೋಡಲು ಸರಳವಾದ ಈ ಮಾಪಕ ಎರಡು ಕೆಲಸ ಮಾಡಿತು. ಮೊದಲನೆಯದು, ಬೇರೆ ಬೇರೆ ಆಟಗಳ ನಡುವಿನ ಗೋಡೆ ಇಳಿಸಿದ್ದು. ಸ್ಕೀಯರ್ ಏರಿದ ಗುಡ್ಡ, ಸ್ಕೇಟರ್ ಹಾಕಿದ ಸುತ್ತು, ರೋಯಿಂಗ್ ಪಟು ಕ್ರಮಿಸಿದ ದೂರ ಇವನ್ನು ಒಂದಕ್ಕೊಂದು ಹೋಲಿಸಲಾಗದು. ಎರಡನೇ ಹಂತದಲ್ಲಿ ಕಳೆದ ಒಂದೂವರೆ ಗಂಟೆಯನ್ನು ಹೋಲಿಸಬಹುದು. ಒಂದು ಆಟದ ಕೋಚ್ ಇನ್ನೊಂದು ಆಟದ ದಿನಚರಿಯನ್ನು ಓದಿ ಅರ್ಥಮಾಡಿಕೊಂಡು ಪ್ರಶ್ನೆ ಕೇಳಲು ಆಗುವುದು ಇದರಿಂದಲೇ. ರೋಯಿಂಗ್ ಹಿನ್ನೆಲೆಯ ಎವ್ರೆಬೊ ಹಿಮದ ಆಟಗಳೇ ಮೇಲುಗೈಯಾದ ಸಂಸ್ಥೆಯನ್ನು ನಡೆಸಬಲ್ಲವರಾದದ್ದು ಇಂಥ ಸಮಾನ ಭಾಷೆ ಇದ್ದುದರಿಂದ.

ಎರಡನೆಯದು, ಅನುಭವ ವ್ಯಕ್ತಿಯೊಂದಿಗೆ ಮುಗಿದುಹೋಗದಂತೆ ತಡೆದದ್ದು. 8 ಚಿನ್ನ ಸಹಿತ 15 ಒಲಿಂಪಿಕ್ ಪದಕ ಗೆದ್ದ ಸ್ಕೀಯರ್ ಮಾರಿತ್ ಬ್ಯೋರ್ಗೆನ್ 17 ವರ್ಷ ಬರೆದಿಟ್ಟ ದಿನಚರಿಗಳನ್ನು ವಿಶ್ಲೇಷಿಸಿದ ಸಂಶೋಧನೆ 2017ರಲ್ಲಿ ಪ್ರಕಟವಾಯಿತು. 20ನೇ ವಯಸ್ಸಿನಲ್ಲಿ ವರ್ಷಕ್ಕೆ 522 ಗಂಟೆಯಿದ್ದ ಅವರ ತರಬೇತಿ 35ರ ಹೊತ್ತಿಗೆ 940 ಗಂಟೆಗೆ ಬೆಳೆದಿತ್ತು. ಯಶಸ್ಸಿನ ವರ್ಷಗಳಲ್ಲಿ ಸಹನಶಕ್ತಿಯ ಅಭ್ಯಾಸದ ಶೇಕಡ 90ಕ್ಕೂ ಹೆಚ್ಚು ಭಾಗ ಕಡಿಮೆ ತೀವ್ರತೆಯದು. ಈ ಅಂಕಿಗಳಲ್ಲಿ ಕಾಣುವುದು ದುಡಿಮೆ: ವರ್ಷಗಟ್ಟಲೆ ತಾಳ್ಮೆಯಿಂದ, ಬಹುಪಾಲು ನಿಧಾನಗತಿಯಲ್ಲಿ, ಲೆಕ್ಕವಿಟ್ಟು ಮಾಡಿದ ದುಡಿಮೆ. ಅದನ್ನು ಬಾಲ್ಯದ ಖುಷಿಯ ಫಲವೆಂದು ವರ್ಣಿಸುವುದು ಆ ಆಟಗಾರ್ತಿಗೂ ಆಕೆಯ ಕೋಚ್‌ಗಳಿಗೂ ಮಾಡುವ ಅನ್ಯಾಯ.

ದಿನಚರಿಯ ಒಳಗೂ ತೊಡಕುಗಳಿವೆ. ಅವನ್ನು ಎದುರಿಸಿದ ರೀತಿಯಲ್ಲೇ ಸಂಸ್ಥೆಯ ಗಟ್ಟಿತನ ತಿಳಿಯುತ್ತದೆ. ಸಣ್ಣ ಅವಧಿಯ ವೇಗದ ಪುನರಾವರ್ತನೆಗಳಲ್ಲಿ ಹೃದಯ ಬಡಿತ ಶ್ರಮಕ್ಕಿಂತ ತಡವಾಗಿ ಏರುತ್ತದೆ. ಬಡಿತದ ಗಡಿಯಾರವನ್ನಷ್ಟೇ ನಂಬಿದರೆ ಕಠಿಣ ಅಭ್ಯಾಸವೂ ಹಗುರವೆಂದು ದಾಖಲಾಗುತ್ತದೆ. ಆದ್ದರಿಂದ ಅಭ್ಯಾಸದ ಉದ್ದೇಶವೇನಿತ್ತು ಎಂಬುದನ್ನೂ ಬಡಿತದ ಜೊತೆಗಿಟ್ಟು ಹಂತ ನಿರ್ಧರಿಸುವ ಕ್ರಮ ನಾರ್ವೆಯ ಆಟಗಾರರಲ್ಲಿ ಬಳಕೆಗೆ ಬಂತು. ವಿಶ್ರಾಂತಿಯ ನಿಮಿಷಗಳನ್ನು ಸೇರಿಸಬೇಕೆ, ಮೈ ಬಿಸಿ ಮಾಡಿಕೊಳ್ಳುವ ಹೊತ್ತು ಯಾವ ಹಂತಕ್ಕೆ ಸೇರಬೇಕು ಎಂಬ ಕಿರುಪ್ರಶ್ನೆಗಳಿಗೂ ಒಪ್ಪಿತವಾದ ಉತ್ತರ ಬೇಕು. ಇಲ್ಲದಿದ್ದರೆ ಇಬ್ಬರ ದಿನಚರಿಗಳನ್ನು ಅಕ್ಕಪಕ್ಕ ಇಡಲಾಗದು. ಇಷ್ಟು ಸೂಕ್ಷ್ಮವಾಗಿ ವ್ಯಾಖ್ಯೆ ಮಾಡಿಕೊಂಡ ದೇಶ ತನ್ನ ಗೆಲುವಿಗೆ ಸಡಿಲವಾದ ವಿವರಣೆ ಕೊಡುತ್ತಿರುವುದು ವಿಷಾದದ ಸಂಗತಿ.

ನಾರ್ವೆಯ ಗೆಲುವನ್ನು ತೈಲದ ಹಣದಿಂದ ವಿವರಿಸುವ ವಿಮರ್ಶಕರದು ಇನ್ನೊಂದು ಪಂಥ. ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರ ಪತ್ತೆಯಾದದ್ದು 1969ರಲ್ಲಿ. ಕ್ಯಾಲ್ಗರಿಯಲ್ಲಿ ಸೋತಾಗಲೂ ನಾರ್ವೆ ತೈಲ ಮಾರುವ ಶ್ರೀಮಂತ ದೇಶವೇ ಆಗಿತ್ತು. ಕ್ರೀಡೆಗೆ ಬರುವ ಸಾರ್ವಜನಿಕ ಹಣದ ದೊಡ್ಡ ಮೂಲ ಸರ್ಕಾರಿ ಲಾಟರಿ ಕಂಪನಿ ನಾರ್ಸ್ಕ್ ಟಿಪ್ಪಿಂಗ್. ಹಂಚಿಕೆಯ ಸೂತ್ರದಂತೆ ಅದರ ಲಾಭದ ಶೇಕಡ 64 ಭಾಗ ಕ್ರೀಡೆಗೆ ಸೇರುತ್ತದೆ. ಅದರಲ್ಲೂ ಹೆಚ್ಚಿನದು ಹೋಗುವುದು ಊರೂರಿನ ಮೈದಾನ, ಕ್ಲಬ್‌ಗಳ ಕಡೆಗೆ. ಹಿಮವೇ ಕಾರಣ ಎನ್ನುವವರಿಗೂ ಇದೇ ಉತ್ತರ: ಹಿಮ 1988ರಲ್ಲೂ ಇತ್ತು, ಫಿನ್ಲೆಂಡ್‌ನಲ್ಲಿ ಈಗಲೂ ಇದೆ. ಕ್ಯಾಲ್ಗರಿಯಲ್ಲಿ 4 ಚಿನ್ನ ಗೆದ್ದಿದ್ದ ಫಿನ್ಲೆಂಡ್‌ಗೆ, ಸ್ಪರ್ಧೆಗಳ ಸಂಖ್ಯೆ 109ಕ್ಕೆ ಏರಿದ್ದ ಬೀಜಿಂಗ್‌ನಲ್ಲಿ ದಕ್ಕಿದ್ದು 2. ನಾರ್ವೆಯ ಸುಮಾರು ಎರಡು ಪಟ್ಟು ಜನಸಂಖ್ಯೆಯ ಸ್ವೀಡನ್‌ಗೆ 8. ಹಣ, ಹಿಮ, ಪರಂಪರೆ ಇವು ಅಗತ್ಯವಾದ ಷರತ್ತುಗಳು. ಒಂದೇ ಷರತ್ತುಗಳಡಿ ಬೇರೆ ಬೇರೆ ಫಲ ಬಂದಾಗ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಬಾಲ್ಯವಾದಿಗಳೂ ತೈಲವಾದಿಗಳೂ ಎಡವುವುದು ಒಂದೇ ಕಡೆ: ಎರಡೂ ವಾದಗಳಲ್ಲಿ ಕೋಚ್, ವಿಶ್ಲೇಷಕ, ವ್ಯವಸ್ಥಾಪಕರ ಕೆಲಸಕ್ಕೆ ಜಾಗವಿಲ್ಲ.

ಬಾಲ್ಯವಾದದಿಂದ ಮಕ್ಕಳಿಗೂ ಅಪಾಯವಿದೆ. ಮಕ್ಕಳ ಹಕ್ಕನ್ನು ಪದಕದಿಂದ ಸಮರ್ಥಿಸಿದರೆ, ಪದಕ ಕಡಿಮೆಯಾದ ದಿನ ಹಕ್ಕೂ ಪ್ರಶ್ನೆಗೊಳಗಾಗುತ್ತದೆ. 2006ರ ಟುರಿನ್‌ನಲ್ಲಿ ನಾರ್ವೆಗೆ ಸಿಕ್ಕಿದ್ದು ಎರಡೇ ಚಿನ್ನ. ಅದರಿಂದ 1987ರ ನಿಯಮಗಳ ಬೆಲೆ ಕುಗ್ಗಲಿಲ್ಲ. ಹತ್ತು ವರ್ಷದ ಮಗು ಹೋಲಿಕೆಯ ಭಯವಿಲ್ಲದೆ ಆಡಬೇಕಾದದ್ದು ಅದು ಮಗು ಎಂಬ ಕಾರಣಕ್ಕೆ. ಆ ಕಾರಣವೊಂದೇ ಸಾಕು.

ನಾರ್ವೆಯ ಕ್ರೀಡಾ ನಾಯಕತ್ವದ ನಿಜವಾದ ದೋಷಗಳು ಕಾಣುವುದು ಪರಿಶೀಲನೆ ನಿಂತುಹೋದ ಕಡೆಗಳಲ್ಲಿ. 2016ರ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ಸ್ಕೀಯರ್ ಮಾರ್ಟಿನ್ ಯೋನ್ಸ್‌ರುಡ್ ಸುಂಡ್‌ಬಿಗೆ ಎರಡು ತಿಂಗಳ ನಿಷೇಧ ವಿಧಿಸಿತು. ತಂಡದ ವೈದ್ಯರ ಸಲಹೆಯಂತೆ ತೆಗೆದುಕೊಂಡ ಆಸ್ತಮಾ ಔಷಧಿ ಸಾಲ್‌ಬ್ಯುಟಮಾಲ್‌ನ ಪ್ರಮಾಣ ಮಿತಿ ಮೀರಿತ್ತು. ಅದೇ ವರ್ಷ ಇನ್ನೊಬ್ಬ ಸ್ಕೀಯರ್ ತೆರೇಸೆ ಯೊಹೌಗ್ ತುಟಿಯ ಗಾಯಕ್ಕೆ ಬಳಸಿದ ಮುಲಾಮಿನಲ್ಲಿ ನಿಷೇಧಿತ ಕ್ಲಾಸ್ಟೆಬಾಲ್ ಇತ್ತು. ಅದನ್ನು ಕೊಟ್ಟದ್ದೂ ತಂಡದ ವೈದ್ಯರೇ; ಔಷಧಿಯ ಡಬ್ಬಿಯ ಮೇಲೆ ಎಚ್ಚರಿಕೆ ಅಚ್ಚಾಗಿತ್ತು. 18 ತಿಂಗಳ ನಿಷೇಧದಿಂದ ಆಕೆ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ಕಳೆದುಕೊಂಡರು. 2025ರ ಮಾರ್ಚ್‌ನಲ್ಲಿ, ತವರಿನ ಟ್ರಾಂಡ್‌ಹೈಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲೇ, ಸ್ಕೀ ಜಂಪಿಂಗ್ ತಂಡದ ಉಡುಪುಗಳನ್ನು ನಿಯಮ ಮೀರಿ ಹೊಲಿದದ್ದು ವಿಡಿಯೊದಿಂದ ಬಯಲಾಯಿತು. ತಂಡದ ಆಡಳಿತ ತಪ್ಪನ್ನು ಒಪ್ಪಿಕೊಂಡಿತು. ತಮಗೆ ವಿಷಯ ತಿಳಿದಿರಲಿಲ್ಲವೆಂದು ಜಿಗಿತಗಾರರು ಹೇಳಿದರು.

ಈ ಪ್ರಕರಣಗಳ ನೇರ ಹೊಣೆ ಸ್ಕೀ ಫೆಡರೇಷನ್‌ನದು. ಒಲಿಂಪಿಯಾಟೊಪ್ಪೆನ್‌ನ ಮೇಲೆ ಅದನ್ನು ಪೂರ್ತಿ ಹೊರಿಸಲಾಗದು. ಆದರೂ ಮೂರರಲ್ಲೂ ತಪ್ಪಿದ್ದು ಆಟಗಾರರ ಸುತ್ತಲಿನವರ ಕಡೆಯಿಂದ ಎಂಬುದನ್ನು ಗಮನಿಸಬೇಕು. ಆಟಗಾರರ ಪ್ರತಿಯೊಂದು ಗಂಟೆಯ ಲೆಕ್ಕ ಓದುವ ವ್ಯವಸ್ಥೆಯಲ್ಲಿ ವೈದ್ಯರ ಪೆಟ್ಟಿಗೆಯನ್ನೂ ಹೊಲಿಗೆ ಯಂತ್ರವನ್ನೂ ಅಷ್ಟೇ ಎಚ್ಚರದಿಂದ ಓದುವವರಿರಲಿಲ್ಲ. ದಿನಚರಿ ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುತ್ತದೆ. ಬರೆಯುವವರು ಆಟಗಾರರು, ಓದುವವರು ನಾಯಕರು, ತಜ್ಞರು. ನಾಯಕರ ತೀರ್ಮಾನಗಳನ್ನು ಹೀಗೆ ದಿನದಿನವೂ ಬರೆದು ಇನ್ನೊಬ್ಬರ ಕೈಗೆ ಕೊಡುವ ಕ್ರಮ ಬೆಳೆಯಲಿಲ್ಲ.

ಒಲಿಂಪಿಯಾಟೊಪ್ಪೆನ್‌ನಿಂದ ಬೇರೆ ದೇಶಗಳು ಕಲಿಯಬೇಕಾದದ್ದು ಮುಖ್ಯವಾಗಿ ಮೂರು: ಫೆಡರೇಷನ್‌ಗಳಿಂದ ಬೇರೆಯಾಗಿ ನಿಂತು ಅವನ್ನು ಪ್ರಶ್ನಿಸುವ ಒಂದು ಕೇಂದ್ರ, ಎಲ್ಲ ಆಟಗಳಿಗೂ ಅನ್ವಯವಾಗುವ ಒಂದು ಅಳತೆ, ವರ್ಷಗಳುದ್ದಕ್ಕೂ ಉಳಿಯುವ ದಾಖಲೆ. ಇವನ್ನು ಕಟ್ಟಿದ ನಾಯಕತ್ವ ದೊಡ್ಡದು, ಅದಕ್ಕೆ ಸಂದ ಮನ್ನಣೆ ಕಡಿಮೆ. ಆ ಪರಿಶೀಲನೆಯನ್ನು ವೈದ್ಯರು, ಉಪಕರಣದ ತಜ್ಞರು, ಆಡಳಿತಗಾರರವರೆಗೂ ವಿಸ್ತರಿಸುವ ಕೆಲಸ ಇನ್ನೂ ಬಾಕಿಯಿದೆ.