ಜೇನಿಗೆ ಕಟ್ಟಿದ ಪಟ್ಟ

ಓಟಗಾರರಿಗೂ ಸೈಕ್ಲಿಸ್ಟುಗಳಿಗೂ ಜೇನುತುಪ್ಪವೇ ಪ್ರಕೃತಿ ಕೊಟ್ಟ ಎನರ್ಜಿ ಜೆಲ್ ಎಂಬ ಮಾತು ಎದುರಾಡುವವರಿಲ್ಲದೆ ಚಲಾವಣೆಯಲ್ಲಿದೆ. ಅದಕ್ಕೆ ಆಧಾರವಾಗಿ ಮತ್ತೆ ಮತ್ತೆ ತೋರಿಸುವ ಅಧ್ಯಯನ 2004ರಲ್ಲಿ ‘ಜರ್ನಲ್ ಆಫ್ ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ರಿಸರ್ಚ್’ನಲ್ಲಿ ಬಂದದ್ದು. ಒಂಬತ್ತು ಸೈಕ್ಲಿಸ್ಟುಗಳು 64 ಕಿ.ಮೀ. ದೂರವನ್ನು ಮೂರು ಸಲ ತುಳಿದರು: ಒಮ್ಮೆ ಜೇನು ತಿಂದು, ಒಮ್ಮೆ ಡೆಕ್ಸ್‌ಟ್ರೋಸ್, ಅಂದರೆ ಬರೀ ಗ್ಲೂಕೋಸ್ ತಿಂದು, ಇನ್ನೊಮ್ಮೆ ಶಕ್ತಿಯೇ ಇಲ್ಲದ ಹುಸಿ ಜೆಲ್ ತಿಂದು. ಜೇನಿನ ಸವಾರಿ ಮುಗಿದದ್ದು ಸರಾಸರಿ 128 ನಿಮಿಷ 42 ಸೆಕೆಂಡಿಗೆ, ಹುಸಿ ಜೆಲ್ಲಿನದು 131 ನಿಮಿಷ 18 ಸೆಕೆಂಡಿಗೆ. ಜೇನಿನ ವಕೀಲರು ಓದುವುದು ಇಷ್ಟನ್ನೇ. ಪಕ್ಕದಲ್ಲೇ ಇರುವ ಡೆಕ್ಸ್‌ಟ್ರೋಸ್ ಲೆಕ್ಕ 128 ನಿಮಿಷ 18 ಸೆಕೆಂಡು. ಜೇನಿಗಿಂತ 24 ಸೆಕೆಂಡು ಮುಂದು, ಆದರೆ ಗಣನೆಗೆ ಬಾರದ ಅಂತರ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಜೇನನ್ನು ಒಂಟಿಯಾಗಿ ನಿಲ್ಲಿಸಿದರೆ ಹುಸಿ ಜೆಲ್ಲಿನ ಎದುರೂ ಅದರ ಗೆಲುವು ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಎರಡೂ ಸಕ್ಕರೆಗಳ ಫಲಿತಾಂಶವನ್ನು ಕೂಡಿಸಿದಾಗಲೇ ಪಾಸಾಗುವುದು. ಆ ಪ್ರಯೋಗದ ಜೇನಿನ ಗ್ಲೈಸೆಮಿಕ್ ಸೂಚ್ಯಂಕ, ಅಂದರೆ ರಕ್ತದ ಸಕ್ಕರೆಯನ್ನು ಏರಿಸುವ ವೇಗದ ಅಳತೆ, 35, ಡೆಕ್ಸ್‌ಟ್ರೋಸಿನದು 100. ಜೇನು ನಿಧಾನವಾಗಿ ರಕ್ತಕ್ಕಿಳಿದು ಕೊನೆಯವರೆಗೂ ಕಸುವು ಕೊಡುತ್ತದೆ ಎಂಬ ವಾದ ನಿಜವಾಗಿದ್ದರೆ ಕೊನೆಯ 16 ಕಿ.ಮೀ.ಗಳಲ್ಲಿ ಅದು ಮುಂದೆ ಬರಬೇಕಿತ್ತು. ಬರಲಿಲ್ಲ. ಸೂಚ್ಯಂಕ ಎಷ್ಟೇ ಇರಲಿ, ಸಕ್ಕರೆ ಸಕ್ಕರೆಯ ಕೆಲಸ ಮಾಡಿತು, ಅಷ್ಟೆ.

ಜೇನಿನ ಪರವಾಗಿ ಒಂದು ಗಟ್ಟಿ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕರುಳು ಗ್ಲೂಕೋಸನ್ನು ಒಂದು ದಾರಿಯಲ್ಲಿ, ಫ್ರಕ್ಟೋಸನ್ನು ಇನ್ನೊಂದು ದಾರಿಯಲ್ಲಿ ಹೀರುತ್ತದೆ. ಗ್ಲೂಕೋಸೊಂದೇ ಆದರೆ ದೇಹ ಗಂಟೆಗೆ ಸುಮಾರು 60 ಗ್ರಾಂ ಬಳಸಬಲ್ಲದು. ಎರಡೂ ಸೇರಿದರೆ 90ರ ಹತ್ತಿರ ಹೋಗಬಹುದು. ಜೇನಿನಲ್ಲಿ ಎರಡೂ ಇವೆ ನಿಜ, ಆದರೆ ಪ್ರಮಾಣ ತಿರುಗುಮುರುಗು. ಹೆಚ್ಚು ಪರೀಕ್ಷೆಗೊಳಗಾದ ಮಿಶ್ರಣ ಎರಡು ಪಾಲು ಗ್ಲೂಕೋಸಿಗೆ ಒಂದು ಪಾಲು ಫ್ರಕ್ಟೋಸಿನದು. ಜೇನಿನಲ್ಲಿ ಫ್ರಕ್ಟೋಸೇ ಹೆಚ್ಚು, ಶೇ. 38ರಷ್ಟು; ಗ್ಲೂಕೋಸ್ ಶೇ. 31. ಹೀರಿಕೊಳ್ಳಲಾಗದ ಫ್ರಕ್ಟೋಸ್ ಕರುಳಿಗೆ ನೀರೆಳೆದು ಹೊಟ್ಟೆ ನುಲಿಸುತ್ತದೆ. ಆ ಸೈಕ್ಲಿಸ್ಟುಗಳು ತಿಂದದ್ದು 16 ಕಿ.ಮೀ.ಗೆ 15 ಗ್ರಾಂ, ಗಂಟೆಗೆ 30 ಗ್ರಾಂ ಕೂಡ ಮುಟ್ಟದ ಪ್ರಮಾಣ. ಮ್ಯಾರಥಾನಿನಲ್ಲಿ ಗಂಟೆಗೆ 60 ಗ್ರಾಂ ಬೇಕೆನ್ನುವವನು ಸುಮಾರು 75 ಗ್ರಾಂ ಜೇನು ನುಂಗಬೇಕು. ಅಲ್ಲಿ ಹೊಟ್ಟೆ ಏನು ಹೇಳುತ್ತದೆ ಎಂಬುದಕ್ಕೆ ಈ ಅಧ್ಯಯನ ಸಾಕ್ಷಿಯಲ್ಲ. ಬೆವರಿನಲ್ಲಿ ಹೋಗುವ ಉಪ್ಪನ್ನಂತೂ ಜೇನು ತುಂಬಿಕೊಡದು. ಖನಿಜಗಳ ಹೊಗಳಿಕೆಯೂ ಹುರುಳಿಲ್ಲದ್ದು: ಒಂದು ದೊಡ್ಡ ಚಮಚ ಜೇನಿನಲ್ಲಿ ಪೊಟ್ಯಾಸಿಯಂ ಸುಮಾರು 11 ಮಿ.ಗ್ರಾಂ., ಒಂದು ಬಾಳೆಹಣ್ಣಿನಲ್ಲಿ 400ರ ಆಸುಪಾಸು.

ಇಷ್ಟಾದ ಮೇಲೆ ಆಯುರ್ವೇದವನ್ನು ಎಳೆದು ತರುವವರೊಂದಿಗೆ ನನ್ನ ತಕರಾರು ದೊಡ್ಡದು, ಏಕೆಂದರೆ ಅವರು ತಮ್ಮ ಗ್ರಂಥಕ್ಕೇ ಅನ್ಯಾಯ ಮಾಡುತ್ತಿದ್ದಾರೆ. ಸುಶ್ರುತ ಸಂಹಿತೆ ಹೊಸ ಜೇನು ಮೈ ತುಂಬಿಸುತ್ತದೆ, ಹಳೆಯದು ಕೊಬ್ಬು ಇಳಿಸುತ್ತದೆ ಎಂದು ಎರಡನ್ನೂ ಬೇರೆ ಮಾಡಿ ಹೇಳುತ್ತದೆ. ಈ ವಿವೇಕವನ್ನು ಅಳಿಸಿ, ಯಾವ ಕಾಲದ, ಯಾವ ಹೂವಿನ ಜೇನು ಎಂದು ಕೇಳದೆ, ಬಾಟಲಿಯಲ್ಲಿರುವುದೆಲ್ಲ ಬಲವರ್ಧಕ ಎನ್ನುವುದು ಪರಂಪರೆಯ ಗೌರವವಲ್ಲ. ಅದೂ ಎಂಥ ಬಾಟಲಿ? 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 13 ಬ್ರ್ಯಾಂಡುಗಳ ಜೇನಿನ ಕಲಬೆರಕೆ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದಾಗ ಎಲ್ಲ ಪರೀಕ್ಷೆಗಳಲ್ಲೂ ಗೆದ್ದವು ಮೂರೇ; ಕಂಪನಿಗಳು ಆರೋಪವನ್ನು ಅಲ್ಲಗಳೆದವು. ತುಡುವೆ ಜೇನು ಸಾಕುವ ಕೃಷಿಕನಿಗೆ ಕಲಬೆರಕೆಯವರ ಪೈಪೋಟಿಯಿಂದ ರಕ್ಷಣೆ ಬೇಕು, ಅವನ ಜೇನಿಗೆ ರುಚಿಯ, ಹೂವಿನ, ಋತುವಿನ ಬೆಲೆ ಸಿಗಬೇಕು. ಓಟದ ನಡುವೆ ಗಂಟಲಿಗಿಳಿಸಲು ಉಪ್ಪು ಬೆರೆಸಿದ ನಿಂಬೆ ಶರಬತ್ತು ಮತ್ತು ಬಾಳೆಹಣ್ಣು ಧಾರಾಳ ಸಾಕು.