650 ಪದಗಳೊಳಗಿನ ಬನಹಟ್ಟಿ

ನಮ್ಮ ಕಡೆಯ ಹುಡುಗರಿಗೆ ಕಾಲೇಜು ಸೀಟು ಅಂದರೆ ಅಂಕ. ದ್ವಿತೀಯ ಪಿಯುಸಿಯದು ಅರ್ಧ, ಸಿಇಟಿಯದು ಅರ್ಧ, ಎರಡೂ ಕೂಡಿಸಿ ರ‍್ಯಾಂಕು. ಎಂಜಿನಿಯರಿಂಗ್ ಸೀಟಿಗೆ ಇಷ್ಟೇ ಲೆಕ್ಕ. ನಿನ್ನ ಮನಸ್ಸು ಯಾವುದರ ಮೇಲೆ ನಿಂತಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಮೆರಿಕದ ಕಾಲೇಜುಗಳು ಕೇಳುತ್ತವೆ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುವ ‘ಕಾಮನ್ ಆ್ಯಪ್’ ಎಂಬ ಅರ್ಜಿಯಲ್ಲಿ 650 ಪದ ಮೀರದ ಒಂದು ಪ್ರಬಂಧಕ್ಕೆ ಜಾಗವಿದೆ. ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯವೂ ಅರ್ಜಿಯ ಜೊತೆ ಪ್ರಬಂಧ ಬಯಸುತ್ತದೆ. ರಬಕವಿ-ಬನಹಟ್ಟಿಯ ಮಗ್ಗದ ಮನೆಯ ಮಕ್ಕಳು ಇಂಥ ಅರ್ಜಿ ತುಂಬಲು ಕುಳಿತರೆ ಅವರಿಗೆ ಮೊದಲು ಸಿಗುವ ಸಲಹೆ ಒಂದೇ: ಕಥೆ ಹೇಳು. ಈ ಸಲಹೆ ಎಷ್ಟು ಒಳ್ಳೆಯದು, ಎಲ್ಲಿ ದಾರಿ ತಪ್ಪಿಸುತ್ತದೆ ಎಂದು ನೋಡಲೇಬೇಕು. ಒಂದು ಮಗುವಿನ ನಾಲ್ಕು ವರ್ಷದ ಓದು ಅದರ ಮೇಲೆ ನಿಲ್ಲಬಹುದು.

ಸಲಹೆಯ ದೊಡ್ಡ ಗುಣವೆಂದರೆ ಅದು ಶಾಲೆಯ ಪ್ರಬಂಧದಿಂದ ಮಕ್ಕಳನ್ನು ಬಿಡಿಸುತ್ತದೆ. ಹತ್ತನೆಯ ತರಗತಿಯವರೆಗೆ ಅವರು ಕಲಿತದ್ದು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು, ಪರಿಸರ ಮಾಲಿನ್ಯ. ಒಂದೇ ತರಗತಿಯ ಐವತ್ತು ಮಕ್ಕಳು ಒಂದೇ ಪ್ರಬಂಧ ಬರೆದರೂ ಐವತ್ತಕ್ಕೂ ಒಳ್ಳೆಯ ಅಂಕ ಬೀಳುತ್ತವೆ. ಬರೆದವಳು ಯಾರೆಂದು ಅಲ್ಲಿ ತಿಳಿಯಬೇಕಾಗಿಲ್ಲ. ಅರ್ಜಿ ಓದುವವರಿಗೆ ಬೇಕಾದದ್ದು ಅದೇ, ಬರೆದವಳು ಯಾರು ಎಂಬುದು. ಕಥೆ ಹೇಳಲು ಹೊರಟವಳು ಒಂದು ಜಾಗ, ಒಂದು ಹೊತ್ತು, ಒಂದು ಕೆಲಸವನ್ನು ಹೆಸರಿಸಲೇಬೇಕು. ಇಷ್ಟಾದರೂ ದೊಡ್ಡ ಲಾಭ.

ತೊಂದರೆ ಇರುವುದು ಯಾವ ಕಥೆ ಎಂಬಲ್ಲಿ. ಸಾಲ ಮಾಡಿದ ಅಪ್ಪ, ನಿಂತುಹೋದ ಮಗ್ಗ, ಅವ್ವನ ಕಣ್ಣೀರು, ಕೊನೆಗೆ ‘ಇದೆಲ್ಲದರಿಂದ ನಾನು ಛಲ ಕಲಿತೆ’ ಎಂಬ ಮಾತು. ನೇಕಾರರ ಮನೆಗಳಲ್ಲಿ ಸಾಲ ಸುಳ್ಳಲ್ಲ, ಅದನ್ನು ಬರೆಯಬಾರದೆಂದೂ ಅಲ್ಲ. ಆದರೆ ಈ ಅಚ್ಚಿನಲ್ಲಿ ನೋವು ಮಾತ್ರ ಕಾಣುತ್ತದೆ, ಹುಡುಗಿ ಕಾಣುವುದಿಲ್ಲ. ಓದಿದವರಿಗೆ ಕನಿಕರ ಬರುತ್ತದೆ, ಆಕೆಯ ಬುದ್ಧಿಯ ಪರಿಚಯ ಆಗುವುದಿಲ್ಲ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ರದ್ದು ಮಾಡಿತು. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ವಿದ್ಯಾರ್ಥಿ ಬರೆಯಲು ಮಾತ್ರ ಅಡ್ಡಿಯಿಲ್ಲ ಎಂದಿತು. ಬದುಕಿನ ಗಾಯವನ್ನೆಲ್ಲ ಈ ಪುಟಕ್ಕೇ ತಂದು ಸುರಿಯಬೇಕು ಎಂಬ ಒತ್ತಡ ಇದರಿಂದ ಇನ್ನಷ್ಟು ಬಿಗಿಯಾಗಿದೆ. ಹದಿನೇಳರ ಮಕ್ಕಳ ಮೇಲೆ ಇದು ಅನ್ಯಾಯದ ಹೊರೆ ಎಂದೇ ನನ್ನ ಅಭಿಪ್ರಾಯ.

ಗಾಯವನ್ನು ಹೇಗೆ ಹೇಳಬೇಕು ಎಂಬುದಕ್ಕೆ ಕನ್ನಡದಲ್ಲಿ ಮೇಲಾದ ಮಾದರಿ ಇದೆ. ಪಕ್ಕದ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಅವಮಾನದ ಪ್ರಸಂಗಗಳು ಸಾಲುಸಾಲಾಗಿ ಬರುತ್ತವೆ. ಲೇಖಕರು ಎಲ್ಲೂ ಓದುಗರ ಕನಿಕರಕ್ಕೆ ಕೈಯೊಡ್ಡುವುದಿಲ್ಲ. ಊರು ಹೇಗೆ ನಡೆಯುತ್ತದೆ ಎಂದು ಬಿಡಿಸಿ ತೋರಿಸುತ್ತಾರೆ. ಅನುಭವಿಸಿದವನೇ ವಿವೇಚಿಸುವವನೂ ಆಗಿರುವುದರಿಂದ ಆ ಪುಸ್ತಕಕ್ಕೆ ಶಕ್ತಿ ಬಂದಿದೆ.

ಈಗ ಬನಹಟ್ಟಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾಳೆ. ಏಪ್ರಿಲ್ ಬಂತೆಂದರೆ ಹತ್ತಿಯ ನೂಲು ಮೇಲಿಂದ ಮೇಲೆ ಹರಿಯುತ್ತದೆ, ಹರಿದಾಗೆಲ್ಲ ಮಗ್ಗ ನಿಲ್ಲಿಸಿ ಎಳೆ ಕೂಡಿಸಬೇಕು, ಅಷ್ಟು ಹೊತ್ತಿನ ಮಜೂರಿ ಹೋಯಿತು. ಅಜ್ಜಿ ನೆಲಕ್ಕೆ ನೀರು ಚಿಮುಕಿಸುತ್ತಾಳೆ: “ಬಿಸಲಾಗ ನೂಲು ನಿಲ್ಲೂದಿಲ್ಲವ್ವ, ನೆಲ ಹಸಿ ಇರಬೇಕು.” ಯಾಕೆ ಎಂದು ಅಜ್ಜಿ ಹೇಳುವುದಿಲ್ಲ. ಹುಡುಗಿ ಒಂದು ವಹಿ ಇಟ್ಟು ದಿನಕ್ಕೆ ಎಷ್ಟು ಸಲ ಎಳೆ ಹರಿಯಿತೆಂದು ಬರೆಯತೊಡಗುತ್ತಾಳೆ. ಎರಡು ಥರ್ಮಾಮೀಟರ್ ತಂದು ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯ ಪಸೆ ಅಳೆಯುತ್ತಾಳೆ. ಲೆಕ್ಕ ಸರಿಯಾಗಿ ಕೂಡುವ ಹೊತ್ತಿಗೆ ನಡುವೆ ನೂಲಿನ ಲಾಟು ಬದಲಾಗಿತ್ತೆಂದು ಗೊತ್ತಾಗುತ್ತದೆ. ಹರಿಯುವುದು ಕಡಿಮೆಯಾದದ್ದು ನೀರಿನಿಂದಲೋ ಹೊಸ ನೂಲಿನಿಂದಲೋ? ಒಂದೇ ಲಾಟು ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ಹತ್ತಿಯ ಎಳೆ ತೇವ ಹೀರಿದರೆ ಗಟ್ಟಿಯಾಗುತ್ತದೆ ಎಂಬ ಸಂಗತಿ ಆಕೆಗೆ ಪುಸ್ತಕದಲ್ಲಿ ಸಿಗುವ ಮುಂಚೆ ಮನೆಯ ನೆಲದಲ್ಲೇ ಸಿಕ್ಕಿದೆ. ನೆಲ ತೋಡಿ ಕೂಡಿಸಿದ ಕುಣಿಮಗ್ಗಕ್ಕೆ ಮಣ್ಣಿನ ತಂಪು ಏಕೆ ಬೇಕಿತ್ತು ಎಂಬುದೂ ಆಗ ಹೊಳೆಯುತ್ತದೆ.

ಇದರಲ್ಲಿ ಬಡತನ ಇಲ್ಲವೆ? ಇದೆ. ಹೋದ ಮಜೂರಿಯ ಒಂದು ಮಾತಿನಲ್ಲೇ ಇದೆ. ಅದನ್ನು ಎತ್ತಿ ಹೇಳುವ ಅಗತ್ಯ ಬೀಳಲಿಲ್ಲ. ಓದುವವರಿಗೆ ಆಕೆ ಹೇಗೆ ಗಮನಿಸುತ್ತಾಳೆ, ಅನುಮಾನ ಬಂದಾಗ ಏನು ಮಾಡುತ್ತಾಳೆ, ಅಜ್ಜಿಯ ಮಾತನ್ನು ತಳ್ಳಿಹಾಕದೆಯೂ ಕಣ್ಣುಮುಚ್ಚಿ ನಂಬದೆಯೂ ಹೇಗೆ ಒರೆಗೆ ಹಚ್ಚುತ್ತಾಳೆ ಎಂಬುದೆಲ್ಲ ಸಿಗುತ್ತದೆ. ವಸ್ತುವಿಜ್ಞಾನ ಓದಲು ಬರುವವಳಲ್ಲಿ ಕಾಲೇಜು ಹುಡುಕುವುದು ಇದನ್ನೇ.

650 ಪದಗಳಲ್ಲಿ ಇಷ್ಟನ್ನು ಹಿಡಿಸುವ ಕೌಶಲಕ್ಕೆ ದೂರ ಹೋಗಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ನಮ್ಮ ಕಡೆಯದೇ ಆದ ಮುಧೋಳದ ಬಳೆಗಾರರ ಮನೆಯಿಂದ ಓದಿಗಾಗಿ ಊರು ಬಿಟ್ಟ ರನ್ನ, ಅಜಿತಸೇನಾಚಾರ್ಯರಲ್ಲಿ ಕಲಿತು, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ‘ಗದಾಯುದ್ಧ’ದಲ್ಲಿ ಅವನು ಭಾರತವನ್ನು ಮೊದಲಿನಿಂದ ಹೇಳುವುದಿಲ್ಲ. ಯುದ್ಧದ ಕೊನೆಯ ಗಳಿಗೆಯಲ್ಲಿ ನಿಂತು, ಸಿಂಹಾವಲೋಕನ ಕ್ರಮದಲ್ಲಿ ಹಿಂದಿನದೆಲ್ಲವನ್ನೂ ಒಳಗೆ ತರುತ್ತಾನೆ. ದುರ್ಯೋಧನ ರಣರಂಗದಲ್ಲಿ ನಡೆಯುತ್ತಾನೆ. ದ್ರೋಣನ, ಅಭಿಮನ್ಯುವಿನ, ಕರ್ಣನ ಹೆಣ ಕಂಡಲ್ಲಿ ಆ ಸಂಬಂಧದ ಹಳೆಯ ಕಥೆ ಎದ್ದುಬರುತ್ತದೆ. ಈಗಿನ ಹೆಜ್ಜೆಗೆ ಬೇಕಾದಷ್ಟೇ ಹಿಂದಿನದು. ನಮ್ಮ ಹುಡುಗಿಯೂ ‘ನಾನು ಬನಹಟ್ಟಿಯಲ್ಲಿ ಹುಟ್ಟಿದೆ’ ಎಂದು ಶುರು ಮಾಡುವುದು ಬೇಡ. ನೂಲು ಹರಿದ ಆ ಮಧ್ಯಾಹ್ನದಲ್ಲಿ ನಿಲ್ಲಲಿ. ಅಜ್ಜಿ, ಕುಣಿಮಗ್ಗ, ಮನೆಗೆ ಪಾವರ್‌ಲೂಮ್ ಬಂದ ವರ್ಷ, ಎಲ್ಲವೂ ಅಲ್ಲಿಗೇ ಬರುತ್ತವೆ. ಪಿಯುಸಿಯಲ್ಲಿ ರನ್ನನನ್ನು ಪಾಠ ಮಾಡುವ ಮೇಷ್ಟ್ರು ಭಾವಾರ್ಥ ಬರೆಸಿ ಮುಗಿಸದೆ ಈ ಕಟ್ಟಡವನ್ನು ಬಿಚ್ಚಿ ತೋರಿಸಿದರೆ ಎಷ್ಟು ಉಪಕಾರ!

ಇನ್ನು ಭಾಷೆ. ಪ್ರಬಂಧ ಇಂಗ್ಲಿಷಿನಲ್ಲೇ ಹೋಗಬೇಕು. ಆದರೆ ಮೊದಲ ಕರಡು ಮನೆಯ ಮಾತಿನಲ್ಲಿ ಆಗಲಿ. ನೇರ ಇಂಗ್ಲಿಷಿಗೆ ಕೈ ಹಾಕಿದ ಮಗು ತನಗೆ ಗೊತ್ತಿರುವ ಇಂಗ್ಲಿಷು ಹೇಳಬಲ್ಲಷ್ಟನ್ನೇ ಹೇಳುತ್ತದೆ, ನೋಡಿದ್ದಷ್ಟನ್ನೂ ಹೇಳುವುದಿಲ್ಲ. ಆಮೇಲೆ ದುಡ್ಡು ತೆಗೆದುಕೊಂಡು ತಿದ್ದಿಕೊಡುವವರ ಕೈಗೆ ಹೋದರೆ ಅಜ್ಜಿಯ ಮಾತೂ ಲಾಟಿನ ಅನುಮಾನವೂ ಮೊದಲು ಉದುರಿ, ‘ಪರಂಪರೆ’ಯಂಥ ಹೊಳೆಯುವ ಪದಗಳು ಆ ಜಾಗಕ್ಕೆ ಬರುತ್ತವೆ. ಈಗ ಎಐ ಇದೇ ಕೆಲಸವನ್ನು ಪುಕ್ಕಟೆ ಮಾಡುತ್ತದೆ. ವ್ಯಾಕರಣ ತಿದ್ದಿಸಿಕೊಳ್ಳಲಿ, ಸಂಗತಿಯನ್ನು ಯಾರೂ ಮುಟ್ಟಬಾರದು.

ಕಥೆಯೊಂದೇ ಎಲ್ಲ ಕಡೆ ನಡೆಯುತ್ತದೆ ಎಂದೂ ನಂಬಬಾರದು. ಬ್ರಿಟನ್ನಿನ ಯುಕಾಸ್ ಸಂಸ್ಥೆ 2026ರ ಪ್ರವೇಶದಿಂದ ಬಿಡಿಪ್ರಬಂಧವನ್ನು ಕೈಬಿಟ್ಟು ಮೂರು ನೇರ ಪ್ರಶ್ನೆ ಇಟ್ಟಿದೆ: ಈ ವಿಷಯವೇ ಏಕೆ, ಓದು ನಿನ್ನನ್ನು ಹೇಗೆ ಸಿದ್ಧಗೊಳಿಸಿದೆ, ಓದಿನ ಹೊರಗೆ ಏನು ಮಾಡಿ ಸಿದ್ಧಳಾದೆ. ಮೂರಕ್ಕೂ ಸೇರಿ 4,000 ಅಕ್ಷರ. ಚೆನ್ನಾಗಿ ಕಥೆ ಕಟ್ಟಿಸಿಕೊಡುವವರು ಯಾರೂ ಇಲ್ಲದ ಊರಿನ ಮಕ್ಕಳಿಗೆ ಈ ಪದ್ಧತಿಯೇ ಹೆಚ್ಚು ನ್ಯಾಯದ್ದು ಎಂದು ನನಗನ್ನಿಸುತ್ತದೆ. ಎಳೆ ಹರಿದ ಲೆಕ್ಕದ ಆ ವಹಿ ಇದ್ದರೆ ಮೂರನೆಯ ಪ್ರಶ್ನೆಗೆ ಬನಹಟ್ಟಿಯ ಹುಡುಗಿ ಯಾರ ನೆರವೂ ಇಲ್ಲದೆ ಉತ್ತರ ಬರೆದಾಳು.