ಸಂಗ್ಯಾ ಬಾಳ್ಯಾ ಉಳಿದದ್ದು ಯಾಕೆ?

ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಊರುಗಳಲ್ಲಿ ಜಾತ್ರೆ ಅಂದರೆ ನಾಟಕ ಇರಲೇಬೇಕು. ಊರ ಹುಡುಗರು ಪಟ್ಟಿ ಎತ್ತುತ್ತಾರೆ, ಪೇಟಿ ಮಾಸ್ತರರು ತಾಲೀಮು ಕೊಡುತ್ತಾರೆ, ಹೆಣ್ಣುಪಾತ್ರಕ್ಕೆ ಹೊರಗಿನ ಕಲಾವಿದೆಯರು ಬರುತ್ತಾರೆ. ಗೋಡೆಗೆ ಹಚ್ಚಿದ ಹಾಳೆಯಲ್ಲಿ ನಾಟಕಕ್ಕೆ ಎರಡು ಹೆಸರು, ನಡುವೆ ಒಂದು ‘ಅರ್ಥಾತ್’. ಎರಡನೆಯ ಹೆಸರು ಸರಸದ ವಾಸನೆ ಹೊತ್ತಿದ್ದರೆ ಮೊದಲ ರಾತ್ರಿ ಜನ ಸೇರುವುದು ಖಚಿತ. ಮುಂದಿನ ವರ್ಷ ಆ ನಾಟಕದ ಹೆಸರು ಕೇಳಿದರೆ ಆಡಿದವರಿಗೇ ನೆನಪಿರುವುದಿಲ್ಲ.

ಹಾಗಿದ್ದರೆ ಸಂಗ್ಯಾ ಬಾಳ್ಯಾ ಹೇಗೆ ಉಳಿಯಿತು? ಅದೂ ಪರಸ್ತ್ರೀ ಮೋಹದ ಕಥೆಯೇ. ಬೈಲಹೊಂಗಲ ಸೀಮೆಯಲ್ಲಿ ನಡೆದ ಘಟನೆಯಿಂದ ಹುಟ್ಟಿತೆಂದು ಹೇಳುವ ಈ ಸಣ್ಣಾಟದಲ್ಲಿ ಸಂಗ್ಯಾ ವ್ಯಾಪಾರಿ ಈರ್ಯಾನ ಹೆಂಡತಿ ಗಂಗಾಳಿಗೆ ಮನಸೋಲುತ್ತಾನೆ, ಮುದುಕಿಯೊಬ್ಬಳು ನಡುವೆ ಓಡಾಡುತ್ತಾಳೆ, ಕೊನೆಗೆ ಸಂಗ್ಯಾನ ಕೊಲೆಯಾಗುತ್ತದೆ. ಬರೀ ಹಸಿಬಿಸಿ ಮಾತಿಗೆ ಇಷ್ಟು ಸಾಮಗ್ರಿ ಸಾಕಿತ್ತು. ಆದರೆ ಆಟದ ಹೆಸರಿನಲ್ಲಿ ಗಂಗಾ ಇಲ್ಲ, ಇಬ್ಬರು ಗೆಳೆಯರಿದ್ದಾರೆ. ನೋಡುವವರ ಎದೆ ಹಿಂಡುವುದು ಹಾಸಿಗೆಯ ಗುಟ್ಟಲ್ಲ, ಜೀವದ ಗೆಳೆಯ ಬಾಳ್ಯಾನೇ ಕೊಲ್ಲುವವರ ಕಡೆ ವಾಲುವ ಘಳಿಗೆ. ಮೋಹ ಕಥೆಯನ್ನು ಶುರುಮಾಡುತ್ತದೆ, ನಂಬಿಕೆದ್ರೋಹ ಅದನ್ನು ಮುಗಿಸುತ್ತದೆ. ಕೊಲೆ ಆಗಿಯೇ ತೀರುತ್ತದೆಂದು ಪ್ರತಿಯೊಬ್ಬರಿಗೂ ಗೊತ್ತು. ಆದರೂ ಬೆಳತನಕ ಕೂತು ನೋಡುತ್ತಾರೆ. ಹಿಮ್ಮೇಳದವರು ಪಲ್ಲವಿ ಎತ್ತಿಕೊಂಡಾಗಲೆಲ್ಲ ಆ ಭಯ ಮತ್ತೊಮ್ಮೆ ಕೂಡುತ್ತದೆ. ಚಂದ್ರಶೇಖರ ಕಂಬಾರರು ಇದನ್ನು ಓದುವ ವರ್ಗದ ಮುಂದೆ ತಂದರು, 1992ರಲ್ಲಿ ಸುಂದರಕೃಷ್ಣ ಅರಸ್ ಸಿನಿಮಾ ಮಾಡಿದರು. ಊರಿನ ಆಟ ಅದಕ್ಕೂ ಮುಂಚೆಯೇ ಗೆದ್ದಿತ್ತು.

ನನ್ನ ತಕರಾರು ಒಂದಿದೆ. ಗಂಗಾಳ ಒಳಗುದಿಗೆ ಆಟ ಕೊಡುವ ಜಾಗ ಕಡಿಮೆ. ಸಂಗ್ಯಾನ ಹಂಬಲಕ್ಕೆ ಹಾಡಿನ ಮೇಲೆ ಹಾಡು ಸಿಗುತ್ತದೆ, ಅವಳ ಸಂಕಟ ಬೇಗ ದಾಟಿಹೋಗುತ್ತದೆ. ಈ ಕಡೆಯಿಂದ ನೋಡಿದರೆ ನಮಗೆ ಇನ್ನೂ ಹತ್ತಿರದ ‘ಕಡ್ಲಿಮಟ್ಟಿ ಸ್ಟೇಷನ್ ಮಾಸ್ತರ’ ಆಟ ಹೆಚ್ಚು ನ್ಯಾಯವಾಗಿದೆ. ಗದಗ–ಸೊಲ್ಲಾಪುರ ರೈಲುದಾರಿಯ ಆ ಪುಟ್ಟ ಸ್ಟೇಷನ್ನಿನಲ್ಲಿ ಅಧಿಕಾರವುಳ್ಳ ಗಂಡಸಿನ ಕಾಮಕ್ಕೆ ಎದುರು ನಿಲ್ಲುವ ಕಾಶೀಬಾಯಿಯೇ ಕಥೆಯ ಜೀವ. ಅವಳಿಗಾಗಿಯೇ ಹೆಂಗಸರು ಅದನ್ನು ನೆನಪಿಟ್ಟುಕೊಂಡಿದ್ದಾರೆ.

ಕಾಮದ ಕಥೆ ಯಾವುದರಿಂದ ಉಳಿಯುತ್ತದೆ ಎಂಬ ಇದೇ ಪ್ರಶ್ನೆಯನ್ನು ಇವತ್ತಿನ ಹುಡುಗರು ಬೇರೆ ಕಡೆ ಕೇಳುತ್ತಾರೆ. ಪರದೆಯ ಮೇಲೆ ಚಿತ್ರ, ಕೆಳಗೆ ಮಾತು, ಕಥೆ ಯಾವ ದಾರಿ ಹಿಡಿಯಬೇಕೆಂದು ಓದುಗನೇ ಆರಿಸುವ ‘ವಿಶುವಲ್ ನಾವೆಲ್’ಗಳಲ್ಲಿ ವಯಸ್ಕರಿಗೆಂದೇ ಮಾಡಿದವು ಬಹಳ. ದೊಡ್ಡ ಕಂಪನಿಯ ಹಂಗಿಲ್ಲದೆ ಒಬ್ಬಿಬ್ಬರು ಕೂತು ಮಾಡುವ ಕೆಲಸ. ರೆನ್‌ಪೈ ಎಂಬ ಸಾಧನ 2004ರಿಂದ ಪುಕ್ಕಟೆ ಸಿಗುತ್ತಿದೆ. 2018ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದ ಮಳಿಗೆ ಕೂಡ ಇಂಥವಕ್ಕೆ ಬಾಗಿಲು ತೆರೆಯಿತು. ಸಾಧನ ಎಲ್ಲರಿಗೂ ಒಂದೇ, ಬೆತ್ತಲೆ ಚಿತ್ರವೂ ಎಲ್ಲರ ಹತ್ತಿರ ಇದೆ. ಆದ್ದರಿಂದ ಗೆಲುವು ಆ ಎರಡರಿಂದ ಬರುವುದು ಸಾಧ್ಯವಿಲ್ಲ. ಜಪಾನಿನ ‘ತ್ಸುಕಿಹಿಮೆ’ ಎಂಬ ವಯಸ್ಕರ ವಿಶುವಲ್ ನಾವೆಲ್ಲೇ ಸಾಕ್ಷಿ. 2000ದ ಡಿಸೆಂಬರಿನಲ್ಲಿ ಟೈಪ್‌ಮೂನ್ ಎಂಬ ಹವ್ಯಾಸಿ ಗುಂಪು ಅದನ್ನು ಟೋಕಿಯೋದ ಕಾಮಿಕೆಟ್ ಸಂತೆಯಲ್ಲಿ ಮಾರಿತು. 2021ರಲ್ಲಿ ಅದೇ ಕಥೆಯನ್ನು ಹೊಸದಾಗಿ ತಂದಾಗ ಕಾಮದ ದೃಶ್ಯಗಳನ್ನು ಬಿಟ್ಟರು. ಓದುಗರು ಬಿಟ್ಟು ಹೋಗಲಿಲ್ಲ.

ಹಣದ ವಿಷಯದಲ್ಲೂ ಹೋಲಿಕೆ ಇದೆ. ನಮ್ಮ ಕಡೆ ನಾಟಕದ ನಡುವೆ ಆಹೇರ ಮಾಡಿದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಕಲಾವಿದರಿಗೆ ಹಣ ಕೊಡುವ ಜಾಲತಾಣವಾದ ಪೇಟ್ರಿಯಾನ್‌ನಲ್ಲಿ ಅಭಿಮಾನಿಗಳು ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ, ಕಥೆ ಕಂತುಕಂತಾಗಿ ಬರುತ್ತದೆ. ಇಬ್ಬರೂ ಕೊಡುವುದು ನಂಬಿಕೆಯ ಮೇಲೆ. ಎಷ್ಟೋ ವಿಶುವಲ್ ನಾವೆಲ್‌ಗಳು ಅರ್ಧಕ್ಕೇ ನಿಂತು ಆ ನಂಬಿಕೆಯನ್ನು ಕಳೆಯುತ್ತವೆ; ಹೇಳಿದ ಹೊತ್ತಿಗೆ ಕಂತು ಕೊಟ್ಟು ಕಥೆ ಮುಗಿಸಿದವನ ಹೆಸರು ಬಾಯಿಂದ ಬಾಯಿಗೆ ಹರಡುತ್ತದೆ. ಆದರೆ ಇಲ್ಲೊಂದು ಅಪಾಯವಿದೆ. ಕೊಟ್ಟವನ ಮರ್ಜಿಗೆ ತಕ್ಕಂತೆ ದೃಶ್ಯ ತುರುಕುತ್ತಾ ಹೋದರೆ ಕಥೆ ಸಾಯುತ್ತದೆ. ನಮ್ಮ ಕಂಪನಿ ನಾಟಕಗಳಲ್ಲಿ ದ್ವಂದ್ವಾರ್ಥದ ಹಾಸ್ಯ ದೃಶ್ಯಗಳು ಉದ್ದವಾಗುತ್ತಾ ಮುಖ್ಯ ಕಥೆಯನ್ನೇ ನುಂಗಿದ್ದು ಇದೇ ರೀತಿ. ಸಿಳ್ಳೆ ಬಿದ್ದವು, ಮನೆಮಂದಿ ಜೊತೆಗೆ ಬರುವುದು ಬಿಟ್ಟರು.

ಕಾಮ ಕಥೆಗೆ ನಿಷಿದ್ಧವಲ್ಲ. ಅದಕ್ಕೆ ಯಾರೋ ಬೆಲೆ ತೆರಬೇಕು, ಆ ಬೆಲೆ ನೋಡುವವನಿಗೆ ತಾಗಬೇಕು. ಬರುವ ಜಾತ್ರೆಗೆ ಪುಸ್ತಕ ಆರಿಸುತ್ತಿರುವ ತಿಕೋಟಾ, ಬಬಲೇಶ್ವರದ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ: ‘ಅರ್ಥಾತ್’ ಮುಂದಿನ ಹೆಸರು ನೋಡಿ ಆರಿಸಬೇಡಿ, ಕೊನೆಯ ಅಂಕ ಓದಿ ಆರಿಸಿ.